ಬಿಸಿಯಾದ ಮೇಲೆ ಐಡ್ಲಿಂಗ್ ನಿಲ್ಲುತ್ತಿಲ್ಲ, ಎಫ್‌ಐ ಬೈಕ್. ಎಲ್ಲಿಂದ ಶುರು ಮಾಡಲಿ?

ಒಂಟಿಸಿಲಿಂಡರ್

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ತಲೆ ಕೆಟ್ಟು ಹೋಗಿದೆ. ಗೊತ್ತಿರುವವರು ದಾರಿ ತೋರಿಸಿ.

ಸಿಂಗಲ್ ಸಿಲಿಂಡರ್, ನಾಲ್ಕು ವಾಲ್ವ್, ಲಿಕ್ವಿಡ್ ಕೂಲಿಂಗ್, ಫ್ಯೂಯೆಲ್ ಇಂಜೆಕ್ಷನ್ ಬೈಕ್. 31,000 ಕಿ.ಮೀ. ಓಡಿದೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಆರ್‌ಪಿಎಂ 1,800ರಲ್ಲಿ ನಿಂತು, ಬಿಸಿಯಾಗುತ್ತಾ 1,400ಕ್ಕೆ ಇಳಿಯುತ್ತದೆ. ಅಲ್ಲಿಯವರೆಗೂ ಚಿನ್ನದಂಥ ಗಾಡಿ. ಹದಿನೈದಿಪ್ಪತ್ತು ನಿಮಿಷ ಓಡಿಸಿದ ಮೇಲೆ ಶುರುವಾಗುತ್ತದೆ ನೋಡಿ. ಸಿಗ್ನಲ್‌ನಲ್ಲಿ ಕ್ಲಚ್ ಹಿಡಿದರೆ 1,100, ಆಮೇಲೆ 900, ಒಂದು ಸಲ ನಡುಗಿ ಆಫ್. ಮತ್ತೆ ಸ್ಟಾರ್ಟ್ ಆಗುತ್ತದೆ, ಆದರೆ ಎಕ್ಸಲರೇಟರ್ ಸ್ವಲ್ಪ ಹಿಡಿದುಕೊಂಡೇ ಇರಬೇಕು.

ಗ್ಯಾರೇಜಿಗೆ ಕೊಟ್ಟೆ. ಥ್ರಾಟಲ್ ಬಾಡಿ ಕ್ಲೀನ್ ಮಾಡಿದರು, ಹೊಸ ಪ್ಲಗ್ ಹಾಕಿದರು, ಏರ್ ಫಿಲ್ಟರ್ ಬದಲಾಯಿಸಿದರು. "ಐಡ್ಲಿಂಗ್ ಸ್ವಲ್ಪ ಜಾಸ್ತಿ ಇಟ್ಟಿದ್ದೀನಿ, ಇನ್ನು ಆಫ್ ಆಗಲ್ಲ" ಅಂದರು. ನಿಜ, ಆಫ್ ಆಗುವುದು ಕಡಿಮೆ ಆಯಿತು. ಆದರೆ ಈಗ ಎಕ್ಸಲರೇಟರ್ ಪೂರ್ತಿ ಬಿಟ್ಟರೂ ಇಂಜಿನ್ 2,200ರಲ್ಲೇ ನೇತಾಡುತ್ತದೆ. ನಾಲ್ಕೈದು ಸೆಕೆಂಡ್ ಆದಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಇಳಿಯುತ್ತದೆ.

ಚೆಕ್ ಲೈಟ್ ಬಂದಿಲ್ಲ. ಪಿಕಪ್‌ಗೆ ಏನೂ ತೊಂದರೆ ಇಲ್ಲ. ಇಂಜಿನ್ ಸದ್ದಂತೂ ಮೊದಲಿಗಿಂತ ನಯವಾಗಿದೆ, ಅದೊಂದೇ ಸಮಾಧಾನ.

ಸಂಜೆಸವಾರ

ಪೆಟ್ರೋಲ್ ಸರಿ ಇಲ್ಲ ಅನಿಸುತ್ತೆ. ಟ್ಯಾಂಕ್ ಖಾಲಿ ಮಾಡಿ ಬೇರೆ ಕಡೆ ತುಂಬಿಸಿ ನೋಡಿ.

ಪಿಸ್ಟನ್‌ಪ್ರಿಯ

ಇಂಜೆಕ್ಟರ್ ಬಿಚ್ಚಿ ಅಲ್ಟ್ರಾಸಾನಿಕ್ ಕ್ಲೀನಿಂಗ್ ಮಾಡಿಸಿ. 31,000 ಆಗಿದೆ ಅಂದರೆ ಕಟ್ಟಿಕೊಂಡಿರುತ್ತೆ. ನಂದೂ ಹಾಗೇ ಸರಿಹೋಯಿತು.

ಹಳೇಕಾರ್ಬು

ಕಾರ್ಬುರೇಟರ್ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಒಂದು ಸ್ಕ್ರೂ ಡ್ರೈವರ್, ಎರಡು ನಿಮಿಷ, ಮುಗೀತು.

ಮಲ್ಟಿಮೀಟರ್ ಮಾವ

ಹಳೇಕಾರ್ಬು ಅಣ್ಣ, ಆ ಸ್ಕ್ರೂ ಡ್ರೈವರೇ ಇಲ್ಲಿ ಎರಡನೇ ತೊಂದರೆ ತಂದಿದ್ದು ಅಂತ ನನ್ನ ಅನುಮಾನ. ಅಂದಹಾಗೆ ಇಂಜೆಕ್ಷನ್ ಹೊಸ ಹುಡುಗರ ಆಟ ಅಲ್ಲ. ಕವಾಸಾಕಿಯವರು 1980ರಲ್ಲೇ ಝಡ್1000ಕ್ಕೆ ಹಾಕಿ ಮಾರಿದ್ದರು.

ಒಂಟಿಸಿಲಿಂಡರ್, ಇನ್ನೇನೂ ಬಿಚ್ಚಬೇಡಿ, ಏನೂ ಕೊಂಡುಕೊಳ್ಳಬೇಡಿ. ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ನಿಮ್ಮ ಹತ್ತಿರ ಈಗ ಇರುವುದು ಎರಡು ದೂರು. ಒಂದು ಮೊದಲಿಂದ ಇದ್ದದ್ದು: ಬಿಸಿಯಾದಾಗ ಆಫ್ ಆಗುವುದು. ಇನ್ನೊಂದು ಗ್ಯಾರೇಜಿಂದ ಬಂದದ್ದು: ನೇತಾಡುವುದು. ಎರಡನ್ನೂ ಒಂದೇ ಗಂಟು ಕಟ್ಟಿದರೆ ಯಾವುದೂ ಬಿಚ್ಚುವುದಿಲ್ಲ.

ಎಕ್ಸಲರೇಟರ್ ಬಿಟ್ಟಾಗ ಥ್ರಾಟಲ್ ತಟ್ಟೆ ಹೆಚ್ಚುಕಮ್ಮಿ ಮುಚ್ಚಿರುತ್ತದೆ. ಐಡ್ಲಿಂಗ್‌ಗೆ ಬೇಕಾದ ಗಾಳಿ ಪಕ್ಕದ ಸಣ್ಣ ದಾರಿಯಲ್ಲಿ ಹೋಗುತ್ತದೆ. ನಿಮ್ಮಂಥ ಬೈಕಿನಲ್ಲಿ ಆ ದಾರಿಗೆ ಒಂದು ವಾಲ್ವ್ ಇರುತ್ತದೆ, ಐಎಸಿ ಅಂತಾರೆ. ಪುಟ್ಟ ಸ್ಟೆಪ್ಪರ್ ಮೋಟಾರ್ ಅದನ್ನು ಹಿಂದೆ ಮುಂದೆ ಸರಿಸುತ್ತದೆ. ಆರ್‌ಪಿಎಂ ಇಳಿದರೆ ಇಸಿಯು, ಅಂದರೆ ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ದಾರಿ ಅಗಲ ಮಾಡುತ್ತದೆ, ಏರಿದರೆ ಕಿರಿದು ಮಾಡುತ್ತದೆ. ಅಂದರೆ ಐಡ್ಲಿಂಗ್ ಹಿಡಿದುಕೊಳ್ಳುವ ಕೆಲಸ ಇಸಿಯುದು, ಸ್ಕ್ರೂದಲ್ಲ.

ಆದರೆ ಇಸಿಯು ಈ ಕೆಲಸ ಶುರು ಮಾಡಬೇಕಾದರೆ ಥ್ರಾಟಲ್ ಮುಚ್ಚಿದೆ ಅಂತ ಅದಕ್ಕೆ ಗೊತ್ತಾಗಬೇಕು. ಅದನ್ನು ಹೇಳುವುದು ಟಿಪಿಎಸ್ ಸೆನ್ಸರ್. ಥ್ರಾಟಲ್ ಸ್ಟಾಪ್ ಸ್ಕ್ರೂ ತಿರುಗಿಸಿದರೆ ತಟ್ಟೆ ಸ್ವಲ್ಪ ತೆರೆದೇ ಉಳಿಯುತ್ತದೆ. ಆಗ "ಸವಾರ ಇನ್ನೂ ಕೈ ಬಿಟ್ಟಿಲ್ಲ" ಅಂತ ಟಿಪಿಎಸ್ ಹೇಳುತ್ತದೆ. ಇಸಿಯು ಐಡ್ಲಿಂಗ್ ಗೊಡವೆಗೇ ಹೋಗುವುದಿಲ್ಲ. ಗಾಳಿ ಜಾಸ್ತಿ, ಹಿಡಿಯುವವರು ಯಾರೂ ಇಲ್ಲ. ನೇತಾಡದೆ ಇನ್ನೇನು ಮಾಡೀತು?

ನಾಲ್ಕು ಪ್ರಶ್ನೆ. ಆ ಸ್ಕ್ರೂ ಮೇಲೆ ಕಂಪನಿ ಬಣ್ಣದ ಗುರುತು ಇದೆಯಾ, ಒಡೆದಿದೆಯಾ? ಬ್ಯಾಟರಿ ವೋಲ್ಟೇಜ್ ಎಷ್ಟು, ಇಂಜಿನ್ ಆಫ್ ಇದ್ದಾಗ ಮತ್ತು ಆನ್ ಇದ್ದಾಗ? ನ್ಯೂಟ್ರಲ್‌ನಲ್ಲಿ ಐಡ್ಲಿಂಗ್ ಇಟ್ಟು ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದರೆ ಆರ್‌ಪಿಎಂ ಏರುತ್ತದಾ? ಸರ್ವಿಸ್ ಮ್ಯಾನುಯಲ್ ಸಿಗುತ್ತದಾ?

ಗೇರ್‌ನ್ಯೂಟ್ರಲ್

ಹ್ಯಾಂಡಲ್ ತಿರುಗಿಸುವ ಪರೀಕ್ಷೆ ಯಾರೂ ಬಿಡಬೇಡಿ. ನನ್ನ ಗಾಡಿಯಲ್ಲಿ ಹೊಸ ಕೇಬಲ್ ಹಾಕಿದವರು ತಪ್ಪು ಕಡೆಯಿಂದ ಎಳೆದುಬಿಟ್ಟಿದ್ದರು. ಎಡಕ್ಕೆ ತಿರುಗಿಸಿದರೆ 1,300 ಇದ್ದದ್ದು 2,500. ಯೂಟರ್ನ್ ತೆಗೆದುಕೊಳ್ಳುವಾಗ ಗಾಡಿ ತಾನೇ ಮುಂದಕ್ಕೆ ನುಗ್ಗುತ್ತಿತ್ತು. ನಾನು ಎರಡು ವಾರ ಸೆನ್ಸರ್ ಸೆನ್ಸರ್ ಅಂತ ಅಲೆದೆ.

ಒಂಟಿಸಿಲಿಂಡರ್

ಮಾವ, ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ನೋಡಿದೆ.

ಬ್ಯಾಟರಿ ಆಫ್ ಇದ್ದಾಗ 12.7, ಇಂಜಿನ್ ಓಡುವಾಗ 14.1. ಹ್ಯಾಂಡಲ್ ತಿರುಗಿಸಿದರೆ ಸೂಜಿ ಅಲ್ಲಾಡಲಿಲ್ಲ, ಕೇಬಲ್ ಸಡಿಲವೂ ಸರಿಯಾಗಿದೆ. ಮ್ಯಾನುಯಲ್ ಸಿಕ್ಕಿದೆ.

ಸ್ಕ್ರೂ ಮಾತ್ರ ನೀವು ಹೇಳಿದ ಹಾಗೇ. ಹಳದಿ ಬಣ್ಣದ ಚುಕ್ಕೆ ಅರ್ಧ ಸ್ಕ್ರೂ ಮೇಲೆ, ಅರ್ಧ ಬಾಡಿ ಮೇಲೆ. ಎರಡೂ ಈಗ ಎದುರುಬದುರು ಇಲ್ಲ. ಸುಮಾರು ಮುಕ್ಕಾಲು ಸುತ್ತು ಒಳಗೆ ಹೋಗಿದೆ. ಟಿಪಿಎಸ್ ವೈರಿಗೆ ಹಿಂದಿನಿಂದ ಪಿನ್ ಚುಚ್ಚಿ ನೋಡಿದೆ, ಎಕ್ಸಲರೇಟರ್ ಮುಚ್ಚಿದಾಗ 0.71 ವೋಲ್ಟ್. ಮ್ಯಾನುಯಲ್‌ನಲ್ಲಿ 0.5 ಆಸುಪಾಸು ಇರಬೇಕು ಅಂತಿದೆ.

ಮಲ್ಟಿಮೀಟರ್ ಮಾವ

ಸಿಕ್ಕಿತಲ್ಲ. ಕೀ ಆನ್ ಇಟ್ಟು, ಮೀಟರ್ ನೋಡುತ್ತಾ, ಬಣ್ಣದ ಚುಕ್ಕೆ ಸೇರುವವರೆಗೆ ನಿಧಾನವಾಗಿ ವಾಪಸ್ ತಿರುಗಿಸಿ. ಆಮೇಲೆ ಕೀ ಆಫ್. ಕೆಲವು ಬೈಕುಗಳಲ್ಲಿ ಇದಾದ ಮೇಲೆ ಟಿಪಿಎಸ್ ರೀಸೆಟ್ ಮಾಡಬೇಕು, ಮ್ಯಾನುಯಲ್‌ನಲ್ಲಿ ಹೇಗೆ ಅಂತ ಬರೆದಿರುತ್ತದೆ. ಅದನ್ನು ಅಕ್ಷರ ಬಿಡದೆ ಮಾಡಿ.

ಎಚ್ಚರಿಕೆ: ಮೊದಲಿನ ರೋಗ ಈಗ ವಾಪಸ್ ಬರುತ್ತದೆ. ಬರಲಿ. ಅದು ಬಂದರೇನೇ ಹಿಡಿಯಬಹುದು.

ಸಂಜೆಸವಾರ

ಮುಚ್ಚಿಟ್ಟ ಕಾಯಿಲೆ ಬಿಚ್ಚಿಡುವುದು ಅಂದರೆ ಇದೇ 😄

ಒಂಟಿಸಿಲಿಂಡರ್

ಚುಕ್ಕೆ ಸೇರಿಸಿದೆ, 0.52 ವೋಲ್ಟ್ ಬಂತು. ರೀಸೆಟ್ ಮಾಡಿದೆ. ನೇತಾಡುವುದು ಪೂರ್ತಿ ಹೋಯಿತು. ಹಾಗೇ ಒಂದು ಸುತ್ತು ಹೋಗಿಬಂದೆ. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಸಿಗ್ನಲ್‌ನಲ್ಲಿ ಆಫ್! ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ, ನಾನು ಹೆಲ್ಮೆಟ್ ಒಳಗೆ ನಗುತ್ತಿದ್ದೇನೆ.

ಪಿಸ್ಟನ್‌ಪ್ರಿಯ

ಈಗಲಾದರೂ ಇಂಜೆಕ್ಟರ್ ನೋಡಿ. ಐಡ್ಲಿಂಗ್‌ನಲ್ಲಿ ಇಂಜೆಕ್ಟರ್ ತೆರೆಯುವುದೇ ಎರಡು ಮೂರು ಮಿಲಿಸೆಕೆಂಡ್. ಅಷ್ಟು ಕಡಿಮೆ ಹೊತ್ತಿನಲ್ಲಿ ಸ್ವಲ್ಪ ಕೊಳೆ ಇದ್ದರೂ ಪರಿಣಾಮ ಜಾಸ್ತಿ. ಪಿಕಪ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಇಂಜೆಕ್ಟರ್ ಚೆನ್ನಾಗಿದೆ ಅಂತ ಅಲ್ಲ.

ಮಲ್ಟಿಮೀಟರ್ ಮಾವ

ಪಿಸ್ಟನ್‌ಪ್ರಿಯ ಹೇಳಿದ್ದು ತಳ್ಳಿಹಾಕುವ ಮಾತಲ್ಲ. ಆದರೆ ಇಂಜೆಕ್ಟರ್ ಕಟ್ಟಿದ್ದರೆ ಬೆಳಿಗ್ಗೆ ತಣ್ಣಗಿದ್ದಾಗಲೇ ಗಾಡಿ ಗೊಣಗಬೇಕಿತ್ತು. ಆಗಲೇ ಅಲ್ವಾ ಪೆಟ್ರೋಲ್ ಜಾಸ್ತಿ ಬೇಕಾಗುವುದು? ಇವರದು ತಣ್ಣಗಿದ್ದಾಗ ಚಿನ್ನ, ಬಿಸಿಯಾದಾಗ ಮಣ್ಣು. ಬಿಚ್ಚದೆಯೂ ಇದನ್ನು ತಿಳಿಯಬಹುದು.

ಒಂಟಿಸಿಲಿಂಡರ್, ಯಾರ ಹತ್ತಿರವಾದರೂ ಓಬಿಡಿ ಸ್ಕ್ಯಾನರ್, ಅಂದರೆ ಇಸಿಯು ಒಳಗಿನ ಅಂಕಿ ಓದುವ ಸಾಧನ, ಇದೆಯಾ? ಬ್ಲೂಟೂತ್ ತುಂಡಾದರೂ ಸಾಕು, ಬೈಕ್ ಸಾಕೆಟ್‌ಗೆ ಹೊಂದುವ ಅಡಾಪ್ಟರ್ ವೈರ್ ಬೇಕು ಅಷ್ಟೇ. ಕೋಡ್ ಓದುವುದಕ್ಕಲ್ಲ. ಚೆಕ್ ಲೈಟ್ ಇಲ್ಲದಿದ್ದರೆ ಕೋಡೂ ಇರಲಾರದು. ಸೆನ್ಸರ್ ಸುಳ್ಳು ಹೇಳಿದರೂ ಆ ಸುಳ್ಳು ನಂಬುವ ಹಾಗಿದ್ದರೆ ಇಸಿಯು ಲೈಟ್ ಹಚ್ಚುವುದಿಲ್ಲ. ನನಗೆ ಬೇಕಿರುವುದು ಲೈವ್ ಡೇಟಾ, ಆ ಕ್ಷಣಕ್ಕೆ ಸೆನ್ಸರ್‌ಗಳು ಹೇಳುವ ಅಂಕಿ.

ಒಂದು ರಾತ್ರಿ ಗಾಡಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕೂಲೆಂಟ್ ಉಷ್ಣತೆ ಮತ್ತು ಒಳಬರುವ ಗಾಳಿಯ ಉಷ್ಣತೆ ನೋಡಿ. ರಾತ್ರಿಯಿಡೀ ತಣ್ಣಗೆ ನಿಂತ ಗಾಡಿಯಲ್ಲಿ ಎರಡೂ ಹತ್ತಿರ ಹತ್ತಿರ ಇರಬೇಕು. ಒಂದು 28, ಇನ್ನೊಂದು 5 ಅಂತ ತೋರಿಸಿದರೆ ಕಳ್ಳ ಸಿಕ್ಕಿದ. ಆಮೇಲೆ ಸ್ಟಾರ್ಟ್ ಮಾಡಿ, ಆಗ ತಾನೇ ಬಿಸಿಯಾದಾಗ ಒಮ್ಮೆ, ಆಫ್ ಆಗುವ ಹೊತ್ತಿಗೆ ಒಮ್ಮೆ ಇಷ್ಟು ಬರೆದುಕೊಳ್ಳಿ: ಆರ್‌ಪಿಎಂ, ಮ್ಯಾಪ್ ಸೆನ್ಸರ್ (ಥ್ರಾಟಲ್ ದಾಟಿದ ಮೇಲಿನ ಗಾಳಿಯ ಒತ್ತಡ), ಫ್ಯೂಯೆಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚುಕಮ್ಮಿ ಮಾಡಿದೆ), ಐಎಸಿ ಸ್ಟೆಪ್ (ಆ ವಾಲ್ವ್ ಎಷ್ಟು ತೆರೆದಿದೆ). ಕೊನೆಯದೇ ಮುಖ್ಯ.

ಗೇರ್‌ನ್ಯೂಟ್ರಲ್

ಅಲ್ಲಿಯವರೆಗೆ ವ್ಯಾಕ್ಯೂಮ್ ಲೀಕ್, ಅಂದರೆ ಥ್ರಾಟಲ್ ಆಚೆ ಸೀಳಿನಿಂದ ಗಾಳಿ ನುಗ್ಗುವುದು, ನೋಡಬಹುದಲ್ವಾ? ಥ್ರಾಟಲ್ ಬಾಡಿಗೂ ಹೆಡ್‌ಗೂ ನಡುವೆ ಇರುವ ರಬ್ಬರ್ ಸೀಳಿರುತ್ತೆ. ಕ್ಲೀನ್ ಮಾಡಲು ಬಿಚ್ಚಿದವರು ಕ್ಲ್ಯಾಂಪ್ ಸರಿಯಾಗಿ ಕೂರಿಸದೇ ಇರುವುದೂ ಉಂಟು. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದರೆ ಆರ್‌ಪಿಎಂ ಏರಿ ಗೊತ್ತಾಗುತ್ತೆ.

ಮಲ್ಟಿಮೀಟರ್ ಮಾವ

ನೋಡಬೇಕು, ಸರಿ. ಆದರೆ ದಯವಿಟ್ಟು ಕಾರ್ಬ್ ಕ್ಲೀನರ್ ಬೇಡ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದನ್ನು ಹೊಡೆದು ಬೆಂಕಿ ಹತ್ತಿಸಿಕೊಂಡವರನ್ನು ನೋಡಿದ್ದೇನೆ. ಸಸಿಗೆ ನೀರು ಹಾಕುವ ಸ್ಪ್ರೇ ಬಾಟಲಿ ಸಾಕು, ಸಾದಾ ನೀರು. ಸೀಳಿನ ಮೇಲೆ ನೀರು ಕೂತರೆ ಒಂದು ಕ್ಷಣ ಸದ್ದು ಬದಲಾಗುತ್ತದೆ. ವೈರ್ ಕನೆಕ್ಟರ್‌ಗಳ ಮೇಲೆ ಮಾತ್ರ ಹೊಡೆಯಬೇಡಿ.

ತುಂಬಿದಟ್ಯಾಂಕ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಬಿಸಿಯಲ್ಲಿ ಐಡ್ಲಿಂಗ್ ಏರುಪೇರು. ಆದರೆ ಟ್ಯಾಂಕ್ ಫುಲ್ ಮಾಡಿದ ದಿನ ಮಾತ್ರ. ಪೆಟ್ರೋಲ್ ವಾಸನೆಯೂ ಬರುತ್ತದೆ.

ಮಲ್ಟಿಮೀಟರ್ ಮಾವ

ತುಂಬಿದಟ್ಯಾಂಕ್ ಅವರೇ, ಉತ್ತರ ನಿಮ್ಮ ಹೆಸರಲ್ಲೇ ಇದೆ. ಟ್ಯಾಂಕಿನ ಆವಿ ಹಿಡಿಯಲು ಇದ್ದಿಲಿನ ಡಬ್ಬಿ ಇರುತ್ತದೆ, ಕ್ಯಾನಿಸ್ಟರ್. ಅದರಿಂದ ಇಂಜಿನ್‌ಗೆ ಹೋಗುವ ಪೈಪಿನಲ್ಲಿ ಪರ್ಜ್ ವಾಲ್ವ್ ಇದೆ. ಕಂಠಪೂರ್ತಿ ತುಂಬಿಸಿದರೆ ಪೆಟ್ರೋಲೇ ಡಬ್ಬಿಗೆ ಇಳಿಯುತ್ತದೆ. ಪರ್ಜ್ ವಾಲ್ವ್ ಮುಚ್ಚದೆ ನಿಂತಿದ್ದರೆ ಅಷ್ಟೂ ಆವಿ ಐಡ್ಲಿಂಗ್‌ನಲ್ಲೇ ಒಳಗೆ ಹೋಗುತ್ತದೆ. ಇಂಜಿನ್ ಬದಿಯ ಪೈಪ್ ಕಳಚಿ, ಇಂಜಿನ್ ಕಡೆಯ ಬಾಯಿಗೆ ಸ್ವಲ್ಪ ಹೊತ್ತು ಮುಚ್ಚಳ ಹಾಕಿ ನೋಡಿ. ಐಡ್ಲಿಂಗ್ ಸರಿಹೋದರೆ ಗೊತ್ತಾಯಿತಲ್ಲ. ಪರೀಕ್ಷೆ ಆದಮೇಲೆ ಪೈಪ್ ವಾಪಸ್ ಹಾಕಿ.

ಒಂಟಿಸಿಲಿಂಡರ್

ಮೂರು ದಿನ ಹಿಡಿಯಿತು, ಅಡಾಪ್ಟರ್ ವೈರ್ ಸಿಗಲು. ಗೆಳೆಯನೊಬ್ಬ ಹಿಂದೆ ಕೂತು ಫೋನ್ ನೋಡಿಕೊಂಡು ಬರೆದ. ಲೆಕ್ಕ ಒಪ್ಪಿಸುತ್ತೇನೆ.

ಸ್ಟಾರ್ಟ್ ಮಾಡುವ ಮುಂಚೆ ಕೂಲೆಂಟ್ 27, ಗಾಳಿ 28. ಎರಡೂ ಜೊತೆಗಿವೆ.

ಆಗ ತಾನೇ ಬಿಸಿಯಾದಾಗ: ಕೂಲೆಂಟ್ 82, ಆರ್‌ಪಿಎಂ 1,400, ಮ್ಯಾಪ್ 38 ಕಿಲೋಪ್ಯಾಸ್ಕಲ್, ಐಎಸಿ 36 ಸ್ಟೆಪ್.

ಇಪ್ಪತ್ತು ನಿಮಿಷ ಆದಮೇಲೆ: ಕೂಲೆಂಟ್ 95, ಆರ್‌ಪಿಎಂ 1,150ರಿಂದ ಇಳಿಯುತ್ತಿದೆ, ಮ್ಯಾಪ್ 53, ಐಎಸಿ 60, 75, 90, ಏರುತ್ತಲೇ ಹೋಯಿತು. ಆಫ್ ಆಗುವ ಹೊತ್ತಿಗೆ 110.

ಟ್ರಿಮ್ ಎರಡೂ ಹೊತ್ತಿನಲ್ಲಿ +3, +5 ಅಷ್ಟರಲ್ಲೇ. ನೀರು ಸ್ಪ್ರೇ ಮಾಡಿದೆ, ರಬ್ಬರ್ ಸುತ್ತ ಎಲ್ಲೂ ಏನೂ ಬದಲಾಗಲಿಲ್ಲ. ಮ್ಯಾಪ್ ಏರಿದೆ ಅಂದರೆ ಗಾಳಿ ಎಲ್ಲೋ ನುಗ್ಗುತ್ತಿದೆ ಅಂತ ಅಲ್ವಾ ಮಾವ?

ಗೇರ್‌ನ್ಯೂಟ್ರಲ್

53 ಅಂದರೆ ಲೀಕೇ. ಬಿಸಿಗೆ ರಬ್ಬರ್ ಹಿಗ್ಗಿ ಸೀಳು ಬಾಯಿ ಬಿಡುತ್ತಿರಬಹುದು.

ಮಲ್ಟಿಮೀಟರ್ ಮಾವ

ಇಬ್ಬರೂ ಸ್ವಲ್ಪ ತಡೆಯಿರಿ. ಮ್ಯಾಪ್ ಒಂದನ್ನೇ ನೋಡಿದರೆ ನಾನೂ ಲೀಕ್ ಅನ್ನುತ್ತಿದ್ದೆ. ಆದರೆ ಐಎಸಿ ಯಾವ ದಿಕ್ಕಿಗೆ ಓಡುತ್ತಿದೆ ನೋಡಿ.

ನಿಮ್ಮ ಬೈಕಿನಲ್ಲಿ ಐಡ್ಲಿಂಗ್ ಹೊತ್ತಿನ ಪೆಟ್ರೋಲ್ ಲೆಕ್ಕ ಮ್ಯಾಪ್ ನೋಡಿ ನಡೆಯುತ್ತದೆ. ಎಲ್ಲಿಂದಾದರೂ ಗಾಳಿ ನುಗ್ಗಿದರೆ ಮ್ಯಾಪ್ ಏರುತ್ತದೆ, ಇಸಿಯು ಪೆಟ್ರೋಲ್ ಜಾಸ್ತಿ ಕೊಡುತ್ತದೆ, ಆರ್‌ಪಿಎಂ *ಏರಬೇಕು*. ಆಗ ಇಸಿಯು ಏನು ಮಾಡುತ್ತದೆ? ಐಎಸಿ ಮುಚ್ಚುತ್ತಾ ಬರುತ್ತದೆ. 36 ಇದ್ದದ್ದು 10 ಆಗಬೇಕು, 0 ಆಗಬೇಕು. ನಿಮ್ಮದು 110ಕ್ಕೆ ಹೋಗಿದೆ. ಅಂದರೆ ಇಸಿಯು ಗಾಳಿ ಕೊಡುತ್ತಿದೆ, ಇನ್ನೂ ಕೊಡುತ್ತಿದೆ, ಆದರೂ ಇಂಜಿನ್ ತಿರುಗುತ್ತಿಲ್ಲ. ಮ್ಯಾಪ್ ಏರಿದ್ದು ಅದರಿಂದಲೇ. ಗಾಳಿ ಕದ್ದು ಬಂದಿದ್ದಲ್ಲ, ಇಸಿಯು ತಾನೇ ಬಾಗಿಲು ತೆಗೆದು ಬಿಟ್ಟುಕೊಂಡಿದ್ದು.

ಮಿಶ್ರಣ ತಪ್ಪಿದ್ದರೆ ಟ್ರಿಮ್ ಇಷ್ಟು ಶಾಂತವಾಗಿ ಇರುತ್ತಿರಲಿಲ್ಲ. ಪಿಸ್ಟನ್‌ಪ್ರಿಯ, ನಿಮ್ಮ ಇಂಜೆಕ್ಟರ್ ಇಲ್ಲಿ ಬಚಾವ್. ಕಟ್ಟಿದ್ದರೆ +15, +20 ಕಾಣುತ್ತಿತ್ತು.

ಗಾಳಿ ಇದೆ, ಪೆಟ್ರೋಲ್ ಇದೆ, ಹೊಸ ಪ್ಲಗ್ ಇದೆ, ಬಿಸಿಯಾದಾಗ ಮಾತ್ರ ಇಂಜಿನ್‌ಗೆ ಶಕ್ತಿ ಇಲ್ಲ. ಇನ್ನು ಉಳಿದದ್ದು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಮಿಶ್ರಣ ಸೋರದೆ ಒತ್ತಿಕೊಳ್ಳುವುದು. ಈಗ ನಿಮ್ಮ ಮೊದಲನೇ ಪೋಸ್ಟ್ ಮತ್ತೆ ಓದಿದೆ. "ಇಂಜಿನ್ ಸದ್ದು ಮೊದಲಿಗಿಂತ ನಯವಾಗಿದೆ, ಅದೊಂದೇ ಸಮಾಧಾನ" ಅಂತ ಬರೆದಿದ್ದೀರಿ. ಅದೇ ಸ್ವಾಮಿ ರೋಗ! ಆವತ್ತೇ ನಾನು ಹಿಡಿಯಬೇಕಿತ್ತು, ಕಣ್ಣು ತಪ್ಪಿತು.

ಟ್ಯಾಪೆಟ್, ಅಂದರೆ ವಾಲ್ವ್ ತುದಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಗ್ಯಾಪ್, ಕೊನೆಯ ಸಲ ಯಾವಾಗ ನೋಡಿದ್ದು?

ಒಂಟಿಸಿಲಿಂಡರ್

ಯಾರೂ ನೋಡಿಲ್ಲ. "ಸದ್ದು ಇಲ್ಲವಲ್ಲ, ಸುಮ್ನೆ ಯಾಕೆ ಬಿಚ್ಚೋದು" ಅಂತ ಪ್ರತಿ ಸರ್ವಿಸ್‌ನಲ್ಲೂ ಹೇಳಿದರು. ನನಗೂ ಸರಿ ಅನಿಸಿತ್ತು.

ಹಳೇಕಾರ್ಬು

ಈಗ ನಮ್ಮ ಕಾಲದ ಮಾತಿಗೆ ಬಂದಿರಿ. ಟ್ಯಾಪೆಟ್ ಸ್ವಲ್ಪ ಮಾತಾಡಬೇಕು. ಮೌನವಾದರೆ ಭಯಪಡಬೇಕು. ವಾಲ್ವ್ ತನ್ನ ಸೀಟಿನೊಳಗೆ ಸವೆದು ಸವೆದು ಕೂರುತ್ತಾ ಹೋಗುತ್ತದೆ, ಕಡ್ಡಿಯ ತುದಿ ಮೇಲಕ್ಕೆ ಬರುತ್ತದೆ, ಗ್ಯಾಪ್ ತಿಂದುಹೋಗುತ್ತದೆ. ಎಕ್ಸಾಸ್ಟ್ ವಾಲ್ವ್ ಬಿಸಿಗೆ ಇನ್ನಷ್ಟು ಉದ್ದವಾಗುತ್ತದೆ. ಆಗ ಪೂರ್ತಿ ಮುಚ್ಚಲು ಜಾಗವೇ ಇಲ್ಲ. ಜೋರಾಗಿ ಓಡುವಾಗ ಸೋರಲು ಸಮಯ ಸಿಗುವುದಿಲ್ಲ, ಅದಕ್ಕೇ ಪಿಕಪ್ ಚೆನ್ನಾಗಿರುತ್ತದೆ. ಐಡ್ಲಿಂಗ್‌ನಲ್ಲಿ ಬೇಕಾದಷ್ಟು ಸಮಯ. ಇದಕ್ಕೆ ಕಾರ್ಬು ಆದರೇನು, ಇಂಜೆಕ್ಷನ್ ಆದರೇನು.

ಮಲ್ಟಿಮೀಟರ್ ಮಾವ

ಅಣ್ಣ ಹೇಳಿದ ಮೇಲೆ ನನಗೆ ಸೇರಿಸಲು ಜಾಸ್ತಿ ಇಲ್ಲ. ಅಳೆಯುವ ರೀತಿ ಮಾತ್ರ ಹೇಳುತ್ತೇನೆ. ರಾತ್ರಿಯಿಡೀ ತಣ್ಣಗಾದ ಇಂಜಿನ್ ಬೇಕು. ಬಿಸಿ ಇದ್ದಾಗ ಅಳೆದ ಲೆಕ್ಕ ಲೆಕ್ಕವಲ್ಲ. ಪ್ಲಗ್ ತೆಗೆದರೆ ಕ್ರ್ಯಾಂಕ್ ಸಲೀಸಾಗಿ ತಿರುಗುತ್ತದೆ. ಕಂಪ್ರೆಷನ್ ಸ್ಟ್ರೋಕಿನ ಟಿಡಿಸಿ ಗುರುತಿಗೆ (ಪಿಸ್ಟನ್ ತೀರಾ ಮೇಲೆ ಬಂದ ಜಾಗ) ತನ್ನಿ. ನಾಲ್ಕೂ ರಾಕರ್ ಕೈಯಲ್ಲಿ ಅಲ್ಲಾಡಿಸಿ, ಸಡಿಲ ಇರಬೇಕು. ಗುರುತು ದಾಟಿ ಹೋದರೆ ಹಿಂದಕ್ಕೆ ತಿರುಗಿಸಬೇಡಿ. ಕೆಲವು ಸಿಂಗಲ್ ಸಿಲಿಂಡರ್‌ಗಳಲ್ಲಿ ಹಿಂದಕ್ಕೆ ತಿರುಗಿಸಿದರೆ ಡಿಕಂಪ್ರೆಸರ್ (ಸ್ಟಾರ್ಟ್ ಸಲೀಸಾಗಲು ಕಂಪ್ರೆಷನ್ ಇಳಿಸುವ ಭಾಗ) ಎಕ್ಸಾಸ್ಟ್ ವಾಲ್ವನ್ನು ಸ್ವಲ್ಪ ಎತ್ತಿಬಿಡುತ್ತದೆ, ಅಳತೆ ಸುಳ್ಳಾಗುತ್ತದೆ. ಮತ್ತೆ ಎರಡು ಸುತ್ತು ಮುಂದಕ್ಕೇ ತಿರುಗಿಸಿ.

ಕಂಪ್ರೆಷನ್ ಗೇಜ್ ಹಿಡಿದು ಯಾರಾದರೂ ಬಂದರೆ ಸದ್ಯಕ್ಕೆ ಬೇಡ ಅನ್ನಿ. ಅದೇ ಡಿಕಂಪ್ರೆಸರ್‌ನಿಂದ ಅಲ್ಲೂ ಕಡಿಮೆ ತೋರಿಸಿ ಹೆದರಿಸುತ್ತದೆ.

ಒಂಟಿಸಿಲಿಂಡರ್

ಭಾನುವಾರ ಬೆಳಿಗ್ಗೆ ಕೂತೆ. ಟ್ಯಾಂಕ್ ಎತ್ತಿ, ಹೆಡ್ ಕವರ್ ತೆಗೆಯಲೇ ಒಂದೂವರೆ ಗಂಟೆ. ಮ್ಯಾನುಯಲ್ ಪ್ರಕಾರ ಇನ್‌ಟೇಕ್ 0.10ರಿಂದ 0.15, ಎಕ್ಸಾಸ್ಟ್ 0.20ರಿಂದ 0.25 ಮಿ.ಮೀ.

ಇನ್‌ಟೇಕ್ ಎರಡೂ 0.12. ಸರಿ ಇವೆ. ಎಕ್ಸಾಸ್ಟ್ ಎಡಗಡೆಯದು 0.14. ಬಲಗಡೆಯದಕ್ಕೆ 0.14 ತೂರಿಸಲು ಹೋದೆ, ಇಲ್ಲ. 0.10, ಇಲ್ಲ. ನನ್ನ ಫೀಲರ್ ಗೇಜಿನಲ್ಲಿ ಎಲ್ಲಕ್ಕಿಂತ ತೆಳು ಪಟ್ಟಿ 0.05. ಅದೂ ಬಾಯಿಗೇ ತಗುಲಿ ಬಾಗಿತು. ಬೆರಳಲ್ಲಿ ರಾಕರ್ ಹಿಡಿದು ಅಲ್ಲಾಡಿಸಿದರೆ ಪಕ್ಕದ್ದು ಟಕ್ ಟಕ್ ಅನ್ನುತ್ತದೆ, ಇದು ಕಲ್ಲು.

ನನ್ನದು ಸ್ಕ್ರೂ ಮತ್ತು ಲಾಕ್‌ನಟ್ ಇರುವ ಥರ, ಪುಣ್ಯ. ಎರಡನ್ನೂ 0.24ಕ್ಕೆ ಇಟ್ಟೆ. ಲಾಕ್‌ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ತಿರುಗಿ 0.20 ಆಯಿತು, ಮತ್ತೆ ಬಿಚ್ಚಿ ಮತ್ತೆ ಇಟ್ಟೆ. ಮೂರನೇ ಸಲಕ್ಕೆ ಕೂತಿತು.

ಸಂಜೆ ನಲವತ್ತು ನಿಮಿಷ ಓಡಿಸಿ ಬಂದು ಸ್ಕ್ಯಾನರ್ ಹಾಕಿದೆ. ಕೂಲೆಂಟ್ 96, ಆರ್‌ಪಿಎಂ 1,400, ಮ್ಯಾಪ್ 37, ಐಎಸಿ 34. ಹತ್ತು ನಿಮಿಷ ಹಾಗೇ ನಿಲ್ಲಿಸಿ ನೋಡುತ್ತಾ ಕೂತೆ. 34, 35, 34. ಇಂಜಿನ್ ಈಗ ಟಿಕ್ ಟಿಕ್ ಅನ್ನುತ್ತದೆ. ಮನೆಯವರು "ರಿಪೇರಿ ಮಾಡಿದ ಮೇಲೆ ಸದ್ದು ಜಾಸ್ತಿ ಆಗಿದೆಯಲ್ಲ" ಅಂದರು.

ಪಿಸ್ಟನ್‌ಪ್ರಿಯ

ಒಪ್ಪಿದೆ ಗುರುಗಳೇ. ನಾನೂ ಈ ವಾರ ನನ್ನದರ ಟ್ಯಾಪೆಟ್ ನೋಡುತ್ತೇನೆ.

ಮಲ್ಟಿಮೀಟರ್ ಮಾವ

ಒಳ್ಳೇದಾಯಿತು. ಒಂದು ವಿಷಯ ಮರೆಯಬೇಡಿ. ಬಲಗಡೆಯ ವಾಲ್ವ್ ಸ್ವಲ್ಪ ದಿನ ಪೂರ್ತಿ ಮುಚ್ಚದೆಯೇ ಓಡಿದೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿ ಹೆಚ್ಚಾಗಿ ಇಳಿಸಿಕೊಳ್ಳುವುದು ಸೀಟಿಗೆ ತಗುಲಿದಾಗ. ಅಂಚು ಸ್ವಲ್ಪ ಸುಟ್ಟಿದ್ದರೆ ಗ್ಯಾಪ್ ಬೇಗ ಮತ್ತೆ ಕಡಿಮೆ ಆಗುತ್ತದೆ. 1,000 ಕಿ.ಮೀ. ಆದಮೇಲೆ ಮತ್ತೆ ಅಳೆಯಿರಿ. 0.20ಕ್ಕಿಂತ ಕೆಳಗೆ ಬಂದಿದ್ದರೆ ಹೆಡ್ ಬಿಚ್ಚಿಸಬೇಕಾಗುತ್ತದೆ. ಅಲ್ಲೇ ಇದ್ದರೆ ಬಚಾವ್.

ತುಂಬಿದಟ್ಯಾಂಕ್

ಮಾವ, ನನ್ನದು ಪರ್ಜ್ ವಾಲ್ವೇ. ಪೈಪ್ ಮುಚ್ಚಿದ ಕೂಡಲೇ ಸರಿಹೋಯಿತು. ಹೊಸದು ಹಾಕಿಸಿದೆ. ಕಂಠಪೂರ್ತಿ ತುಂಬಿಸುವುದನ್ನೂ ಬಿಟ್ಟಿದ್ದೇನೆ, ಹೆಸರು ಬದಲಾಯಿಸಬೇಕೇನೋ.

ಹೊಸಹ್ಯಾಂಡಲ್

ನನ್ನ ಬೈಕ್ ರೈಡ್ ಬೈ ವೈರ್, ಕೇಬಲ್ಲೇ ಇಲ್ಲ. ಇದೇ ಥರ ನೋಡಬಹುದಾ?

ಮಲ್ಟಿಮೀಟರ್ ಮಾವ

ಯೋಚನೆ ಅದೇ. ಆದರೆ ನಿಮ್ಮದರಲ್ಲಿ ಸಾಮಾನ್ಯವಾಗಿ ಬೇರೆ ಐಎಸಿ ಇರುವುದಿಲ್ಲ. ಇಸಿಯು ಥ್ರಾಟಲ್ ತಟ್ಟೆಯನ್ನೇ ಕೂದಲೆಳೆಯಷ್ಟು ತೆರೆದು ಐಡ್ಲಿಂಗ್ ಹಿಡಿಯುತ್ತದೆ. ಐಎಸಿ ಬದಲು ತಟ್ಟೆ ಎಷ್ಟು ತೆರೆದಿದೆ ಅನ್ನುವ ಶೇಕಡಾ ನೋಡಿ. ಕೀ ಆನ್ ಇದ್ದಾಗ ತಟ್ಟೆಗೆ ಬೆರಳು ಹಾಕಬೇಡಿ. ಮೋಟಾರಿಗೂ ಒಳ್ಳೇದಲ್ಲ, ಬೆರಳಿಗೂ ಒಳ್ಳೇದಲ್ಲ.

ಒಂಟಿಸಿಲಿಂಡರ್

ಏಳು ವಾರ ಆದಮೇಲೆ ಬರೆಯುತ್ತಿದ್ದೇನೆ. 1,060 ಕಿ.ಮೀ. ಆಯಿತು. ಒಂದು ಸಲವೂ ಆಫ್ ಆಗಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ಕವರ್ ತೆಗೆದೆ, ಈ ಸಲ ನಲವತ್ತು ನಿಮಿಷದಲ್ಲಿ. ಎಡಗಡೆ 0.24. ಬಲಗಡೆ 0.23 ಬಿಗಿಯಾಗಿ ಜಾರುತ್ತದೆ, 0.24 ಹೋಗುವುದಿಲ್ಲ. ಸೀಟ್ ಕೆಳಗಿನ ಡಬ್ಬಿಯಲ್ಲಿ ಒಂದು ಚೀಟಿ ಇಟ್ಟಿದ್ದೇನೆ, ತಾರೀಖು, ಕಿ.ಮೀ., ನಾಲ್ಕು ಅಂಕಿ. ಮುಂದಿನ ಅಳತೆ 35,000ಕ್ಕೆ.